ವೀಳ್ಯದೆಲೆ ಮತ್ತು ಮಗಳ ಮೊದಲ ಕಕ್ಕ

ಮೊನ್ನೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಅತ್ತೆಗೆಂದು ವೀಳ್ಯದೆಲೆ ಕೊಂಡೆ. ಒದ್ದೆ ಬಟ್ಟೆಯಡಿಯಿಂದ ಬಂದ ಆ ಖಾರದ ವಾಸನೆಗೆ ಮಗಳ ಮೊದಲ ಕಕ್ಕ ನೆನಪಾಯಿತು. ಮುಖ ಸಿಂಡರಿಸಬೇಡಿ. ನೀವೂ ಒಮ್ಮೆ ಅದಕ್ಕಾಗಿ ಕಾದು ನೋಡಿ, ಆಮೇಲೆ ಮಾತಾಡೋಣ.

ಜನ ಮೊಬೈಲಿನಲ್ಲಿ ಹಾವಿನ ಆಟ ಆಡುತ್ತಿದ್ದ ಕಾಲ. ಬಸವೇಶ್ವರನಗರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮಗಳು ಹುಟ್ಟಿ ಒಂದು ದಿನ ದಾಟಿತ್ತು. ಅಳುತ್ತಿದ್ದಳು, ಹಾಲು ಕುಡಿಯುತ್ತಿದ್ದಳು, ಉಚ್ಚೆಯನ್ನಂತೂ ನನ್ನ ಹೊಸ ಷರಟಿನ ಮೇಲೇ ಹೊಯ್ದಿದ್ದಳು. ಕಕ್ಕ ಮಾತ್ರ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡಿ ನರ್ಸ್ ಹತ್ತಿರ ಬೈಸಿಕೊಂಡೆ.

ಡಾಕ್ಟರಮ್ಮ ಮಗುವಿನ ಹೊಟ್ಟೆ ಒತ್ತಿ ನೋಡಿದರು.

"ಹೊಟ್ಟೆ ಉಬ್ಬಿಲ್ಲ, ಹಸಿರು ವಾಂತಿ ಇಲ್ಲ, ಹೊರಗೆ ಹೋಗೋ ದಾರಿನೂ ಸರಿಯಾಗಿದೆ. ಆದ್ರೂ ಇಷ್ಟೊತ್ತಿಗೆ ಆಗ್ಬೇಕಿತ್ತು. ಸಂಜೆವರೆಗೂ ನೋಡೋಣ, ಆಗ್ಲಿಲ್ಲ ಅಂದ್ರೆ ಎಕ್ಸ್‌ರೇ. ಕರುಳಲ್ಲಿ ಏನಾದ್ರೂ ಅಡ್ಡ ಇದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾಗುತ್ತೆ. ಅಲ್ಲೀವರೆಗೂ ಮನೆಮದ್ದು ಏನೂ ಬೇಡ."

"ಆಪರೇಷನ್ನಾ ಮೇಡಂ?" ಎಂದು ಮತ್ತೊಮ್ಮೆ ಬಟ್ಟೆ ಎತ್ತಿ ನೋಡಿದೆ.

ಆಗ ಕಾಮಾಕ್ಷಿಪಾಳ್ಯದ ನಮ್ಮತ್ತೆ, ಬಾಯಲ್ಲಿ ಎಲೆಯಡಿಕೆ, ಸೊಂಟದಲ್ಲಿ ಅದರ ಉಬ್ಬಿದ ಚೀಲ, ನನ್ನನ್ನು ಬಾಗಿಲಾಚೆ ಕರೆದರು. "ಅಳಿಯಂದ್ರೇ, ಎಳೇ ವೀಳ್ಯದೆಲೆ ತನ್ನಿ. ತೊಟ್ಟು ಉದ್ದ ಇರ್ಬೇಕು. ತೊಟ್ಟಿಗೆ ಹರಳೆಣ್ಣೆ ಸವರಿ ಹಿಂದ್ಗಡೆ ಇಟ್ರೆ ಆಗ್ಬಿಡುತ್ತೆ."

ನಾನು ಬಿ.ಎಸ್ಸಿ. ಓದಿದವನು. ಡಾಕ್ಟರಮ್ಮ ಬೇಡ ಎಂದದ್ದನ್ನೂ ಕೇಳಿಸಿಕೊಂಡವನು. ಆದರೂ ಓಡಿದೆ. ಮೂರು ಅಂಗಡಿ ಅಲೆದೆ, ತೊಟ್ಟುಗಳನ್ನು ಬೆರಳಿಗೆ ಹಿಡಿದು ಅಳೆದೆ. "ಏನ್ ಸಾರ್, ಎಲೆ ತಿಂತೀರೋ ತೊಟ್ಟು ತಿಂತೀರೋ?" ಎಂದ ಅಂಗಡಿಯವನು.

ಬೆವರುತ್ತ ಹಿಂತಿರುಗಿದರೆ ವಾರ್ಡಿನಲ್ಲಿ ನಗು. ಯಾರೂ ಏನೂ ಮಾಡದೆಯೇ ಮಗಳು ಬಟ್ಟೆ ತುಂಬ, ಅಂಟಂಟಾಗಿ, ಟಾರಿನಂಥ ಕಕ್ಕ ಮಾಡಿದ್ದಳು. ಅಷ್ಟು ಚೆಂದದ ಕಪ್ಪನ್ನು ನಾನು ಕಂಡೇ ಇರಲಿಲ್ಲ. ಎಲೆಯ ಕಟ್ಟು ಹಿಡಿದುಕೊಂಡೇ ಅತ್ತುಬಿಟ್ಟೆ. ಡಾಕ್ಟರಮ್ಮ, "ಇನ್ನೆರಡು ದಿನ ನೋಡ್ಕೊಂಡೇ ಮನೆಗೆ ಕಳಿಸ್ತೀನಿ," ಎಂದು ಹೇಳಿ, ಕಟ್ಟಿನ ಕಡೆ ಕಣ್ಣು ಹಾಯಿಸಿ ನಕ್ಕರು.

ಅಂದಿನಿಂದ ಅತ್ತೆಯನ್ನು ಗೇಲಿ ಮಾಡುವುದೇ ನನ್ನ ಕೆಲಸ. ಮೊನ್ನೆ ಎಲೆ ಕೊಡುವಾಗಲೂ, "ನಿಮ್ಮ ವೈದ್ಯಕ್ಕೆ ಹೆದರಿಯೇ ಮಗು ಕಕ್ಕ ಮಾಡ್ಬಿಡ್ತು ಅತ್ತೆ," ಎಂದೆ.

ಅವರು ತಲೆ ಎತ್ತಲಿಲ್ಲ. "ಅವತ್ತು ನನ್ ಚೀಲದಲ್ಲಿ ಎಲೆ ಇರ್ಲಿಲ್ವಾ ಅಳಿಯಂದ್ರೇ? ಡಾಕ್ಟ್ರು ಬೇಡ ಅಂದ್ಮೇಲೆ ನಾನ್ಯಾಕೆ ಮಗೂಗೆ ಇಡ್ಲಿ? ನೀವು ಗಳಿಗೆಗೊಂದ್ಸಲ ಬಟ್ಟೆ ಎತ್ತಿ ನೋಡ್ತಿದ್ರಿ. ನಿಮ್ಮನ್ ನೋಡಿ ಬಾಣಂತಿನೂ ಅಳೋಕ್ ಶುರು ಮಾಡಿದ್ಲು. ಅದಕ್ಕೇ ಆಚೆ ಕಳ್ಸಿದೆ."

ಅವರ ಪಕ್ಕದಲ್ಲೇ ಕೂತು, ಒಂದೊಂದೇ ಎಲೆಯ ತೊಟ್ಟು ಚಿವುಟಿ ಕೊಟ್ಟೆ.