ಮೈತ್ರಿಗಳ ಹಬೆಮನೆಯ ಒಲೆ ಹಚ್ಚುವ ರೈಲಿ

ಸರೋವರದ ಹಿಮಗಡ್ಡೆಯ ಮೇಲೆ ಈಗಷ್ಟೇ ಬೆಳಕು ಮೂಡುತ್ತಿದೆ. ಫಿನ್ಲೆಂಡಿನ ಕೋರ್ಪಿನಿಯೆಮಿ ಪಟ್ಟಣದ ಪುರಸಭೆಯ ಹಬೆಮನೆಯ, ಅಂದರೆ ಕಾದ ಕಲ್ಲಿಗೆ ನೀರೆರೆದು ಊರವರು ಹಬೆಸ್ನಾನ ಮಾಡುವ ಸೌನಾದ, ಹಿಂದೆ ರೈಲಿ ಓಯನ್‌ಪೆರಾ ಬರ್ಚ್ ಮರದ ಸೌದೆ ಸೀಳುತ್ತಿದ್ದಾರೆ. ಅರವತ್ತು ದಾಟಿದರೂ ಕೊಡಲಿ ಏಟು ತಪ್ಪುವುದಿಲ್ಲ.

"ಸಂಜೆಗೆ ಕಲ್ಲು ಕಾಯ್ಬೇಕು ಅಂದ್ರೆ ಈಗ್ಲೇ ಒಲೆ ಹಚ್ಬೇಕು. ಇವತ್ತು ಬಜೆಟ್ ಸಭೆ. ಜಗಳ ಆಡಿದವ್ರೆಲ್ಲ ಬರೋದು ಇಲ್ಲಿಗೇ."

1918ರ ಅಂತರ್ಯುದ್ಧದಲ್ಲಿ ರೈಲಿಯ ಒಬ್ಬ ಅಜ್ಜ ಕಾರ್ಮಿಕರ ಕೆಂಪು ಪಡೆಯಲ್ಲಿದ್ದ, ಇನ್ನೊಬ್ಬ ಅದರ ಎದುರಾಳಿ ಬಿಳಿ ಪಡೆಯಲ್ಲಿ. "ಸಾಯೋವರ್ಗೂ ಇಬ್ರೂ ಒಂದೇ ಅಂಗಡಿ ಮೆಟ್ಲು ಹತ್ತಲಿಲ್ಲ. ನನ್ನ ನಾಮಕರಣದ ದಿನ ಮಾತ್ರ ಇಲ್ಲಿ ಒಳಗಿನ ಹಲಗೆ ಮೇಲೆ ಪಕ್ಕಪಕ್ಕ ಕೂತಿದ್ರಂತೆ."

ಆಮೇಲಿನ ವರ್ಷಗಳಲ್ಲಿ ಪುರಸಭೆಯಲ್ಲಿ ರೈತರ ಪಕ್ಷ ಒಮ್ಮೆ ಕಾರ್ಮಿಕರ ಪಕ್ಷದ ಕೈ ಹಿಡಿಯಿತು, ಒಮ್ಮೆ ವರ್ತಕರದ್ದು. ಒಪ್ಪಂದಗಳೆಲ್ಲ ಕುದುರಿದ್ದು ಹಬೆಮನೆಯಲ್ಲಿ, ಮೊದಲು ಬರುವ ಗಂಡಸರ ಸರದಿಯಲ್ಲಿ. ಕಲ್ಲು ಆರುವ ಹೊತ್ತಿಗೆ ಹೆಂಗಸರ ಸರದಿ. ಅಷ್ಟರಲ್ಲಿ ಎಲ್ಲವೂ ತೀರ್ಮಾನವಾಗಿರುತ್ತಿತ್ತು.

ಕೆಲವು ಚಳಿಗಾಲಗಳ ಹಿಂದೆ ಸೌದೆ ತುಂಬುವಾಗ ರೈಲಿಯ ಕಿವಿಗೆ ಒಂದು ಮಾತು ಬಿತ್ತು. ರೈತರ ಪಕ್ಷದ ಗಂಡಸರು ಕಾರ್ಮಿಕರನ್ನು ಬಿಟ್ಟು ವರ್ತಕರ ಜೊತೆ ಸೇರಿ ಆಚೆ ದಡದ ಶಾಲೆ ಮುಚ್ಚಲು ಹೊರಟಿದ್ದರು. ರೈಲಿಯ ಮೊಮ್ಮಗಳು ಓದುವ ಶಾಲೆ ಅದು. ಆದರೆ ಒಳಗೆ ಕೇಳಿದ್ದನ್ನು ಹೊರಗೆ ಆಡುವವರಲ್ಲ ರೈಲಿ. ಅವರು ಮಾಡಿದ್ದು ಇಷ್ಟೇ: ಗಂಡಸರ ಮಾತು ಪಕ್ಕಾ ಆಗುವ ಮೊದಲೇ ಹೆಂಗಸರು ಒಳಗೆ ಸೇರಲೆಂದು, ಸಭೆಯ ಹಿಂದಿನ ಸಂಜೆ ಸರದಿಯನ್ನೇ ತಿರುಗಿಸಿದರು.

"ಏನಮ್ಮಾ ರೈಲಿ, ಮೊದ್ಲು ನಾವಲ್ವಾ?" ಟವೆಲ್ ಸುತ್ತಿಕೊಂಡ ಗಂಡಸರು ಕೇಳಿದರು.

"ಇವತ್ತು ಹೆಂಗಸ್ರು. ನೀವು ಸ್ವಲ್ಪ ತಣ್ಣಗಾಗಿ."

ಒಳಗೆ ಇದ್ದವರು ಇಬ್ಬರು ಪುರಸಭಾ ಸದಸ್ಯೆಯರು, ರೈತರ ಪಕ್ಷದ ಮಾರ್ಕೆಟ್ಟಾ ಮತ್ತು ಕಾರ್ಮಿಕರ ಪಕ್ಷದ ತೂಲಿಕ್ಕಿ. ಕಳೆದ ಚುನಾವಣೆಯಿಂದ ಇಬ್ಬರಿಗೂ ಮಾತಿಲ್ಲ. ರೈಲಿ ಕಲ್ಲಿಗೆ ನೀರು ಸುರಿದರು. ಹಬೆ ಬುಸ್ ಎಂದಿತು. ಮಾರ್ಕೆಟ್ಟಾ ತೂಲಿಕ್ಕಿಯ ಪಕ್ಕಕ್ಕೆ ಸರಿದರು.

"ಶಾಲೆ ಮುಚ್ಚೋಕೆ ನಮ್ಮ ಗಂಡಸ್ರು ಒಪ್ಪಿದಾರೆ ಕಣೇ. ನಾನು ಒಪ್ಪಿಲ್ಲ."

"ಇಷ್ಟು ದಿನ ನನ್ನ ಮುಖ ನೋಡ್ದೆ ಇದ್ದು, ಈಗ ಬಂದ್ಯಾ?"

"ಬಂದೆ. ತಿರುಗು, ಬೆನ್ನು ಉಜ್ತೀನಿ."

ತೂಲಿಕ್ಕಿ ತಿರುಗಿ ಕೂತರು. ಮರುದಿನ ಸಭೆಯಲ್ಲಿ ಎಲ್ಲ ಪಕ್ಷಗಳ ಹೆಂಗಸರೂ ಶಾಲೆಯ ಪರವಾಗಿ ಒಟ್ಟಾಗಿ ಕೈ ಎತ್ತಿದರು. ಕಾರ್ಮಿಕರ ಪಕ್ಷದ ಗಂಡಸರೂ ಜೊತೆಗೂಡಿದರು. ಶಾಲೆ ಉಳಿಯಿತು. ಹೊಸ ಮೈತ್ರಿ ಹುಟ್ಟುವ ಮೊದಲೇ ಮುರಿದುಬಿತ್ತು.

ಸರದಿ ಬದಲಿಸಿದ್ದಕ್ಕೆ ರೈಲಿಯನ್ನು ಕೆಲಸದಿಂದ ತೆಗೆಯಬೇಕೆಂದು ಕೆಲವರು ಕೂಗಾಡಿದರು. ರೈಲಿಯ ಪರ ನಿಂತವರು ಅದೇ ಇಬ್ಬರು ಹೆಂಗಸರು. ಈಗ ಮೊದಲ ಸರದಿ ಒಂದು ವಾರ ಗಂಡಸರಿಗೆ, ಮರುವಾರ ಹೆಂಗಸರಿಗೆ.

ಚುನಾವಣೆಗೆ ನಿಲ್ಲಿ ಎಂದು ಮೂರೂ ಪಕ್ಷಗಳು ದುಂಬಾಲು ಬಿದ್ದಿವೆ. ರೈಲಿ ನಗುತ್ತಾ ಒಲೆಗೆ ಸೌದೆ ತುಂಬುತ್ತಾರೆ.

"ನಂಗ್ಯಾಕೆ ಅದೆಲ್ಲ? ಮೇಲಿನ ಹಲಗೆ ಒಂದಿಷ್ಟು ಅಗಲ ಮಾಡಿಸಿಕೊಟ್ರೆ ಸಾಕು. ಯಾರ್ ಯಾರ ಜೊತೆ ಸೇರಿದ್ರೂ ಇಲ್ಲಿ ಎಲ್ರಿಗೂ ಜಾಗ ಆಗ್ಬೇಕು, ನೋಡಿ."