ಒತ್ತಿ, ತಿರುವಿ ನೋಡುತ್ತಿದ್ದ ಮಲ್ಲಪ್ಪಣ್ಣ

ಮಲ್ಲಪ್ಪಣ್ಣನವರ ಎದುರು ಜೇಬಿನಲ್ಲಿ ಪೆನ್ನಿಟ್ಟುಕೊಂಡು ಯಾರೂ ನಿಲ್ಲುವಂತಿರಲಿಲ್ಲ. ಮಾತಿಗೆ ಮೊದಲು ಅದನ್ನು ಎಳೆದುಕೊಂಡು, ಬಿಚ್ಚಿ, ಒಳಗಿನ ಸ್ಪ್ರಿಂಗನ್ನು ಒತ್ತಿ ತಿರುವಿ ನೋಡುತ್ತಿದ್ದರು. "ಪೆನ್ ಭಾರಿ ಐತ್ರಿ ಸಾಹೇಬ್ರ, ಸ್ಪ್ರಿಂಗ್ ಮಾತ್ರ ತಗಡು." ಎಷ್ಟೋ ದೊಡ್ಡ ಮನುಷ್ಯರು ಜೋಗೇಶ್ವರಿಯ ನಮ್ಮ ಸ್ಪ್ರಿಂಗ್ ಕಾರ್ಖಾನೆಯಿಂದ ಬರೆಯದ ಪೆನ್ನು ಹಿಡಿದು ಹಿಂತಿರುಗಿದ್ದಾರೆ.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಅಲ್ಲಿ ಸ್ಪ್ರಿಂಗ್ ತಪಾಸಣೆಗೆ ಸೇರಿದೆ. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಯಾರಾದರೂ ಏನಾದರೂ ಕೇಳಿದರೆ ಸೆರಗಿನ ತುದಿ ನೋಡುವವಳು. ತಂತಿ ಸುತ್ತುವ ಮಲ್ಲಪ್ಪಣ್ಣ ನಮ್ಮ ವಿಜಾಪುರದ ಕಡೆಯವರು. ಕೆಲಸ ಕಲಿಸಿದ್ದು ಅವರೇ.

"ಒತ್ತಿದ್ರ ಸ್ಪ್ರಿಂಗ್ ತಡಕೋತೈತಿ, ಅಕ್ಕಾರ. ತಿರುವಿದ್ರೂ ತಡಕೋತೈತಿ. ಎರಡೂ ಕೂಡಿ ಮಾಡಿದ್ರ ನಡ ಡೊಂಕ ಮಾಡತೈತಿ."

ಒಮ್ಮೆ ಯಂತ್ರವೊಂದರ ಮುಚ್ಚಳದ ಸಳಿಗೆ, ಅಂದರೆ ಒಳಗಿನ ಕಬ್ಬಿಣದ ಕಡ್ಡಿಗೆ, ಕೂರಿಸುವ ಸ್ಪ್ರಿಂಗುಗಳು ಸಿಕ್ಕಿಬೀಳುತ್ತವೆಂದು ಮೂಟೆಗಟ್ಟಲೆ ವಾಪಸು ಬಂದವು. ಹಿಂದೆಯೇ ಕೊಂಡವರ ಎಂಜಿನಿಯರ್ ಬಂದ. ಲ್ಯಾಪ್‌ಟಾಪಿನಲ್ಲಿ ಕೆಂಪು ನೀಲಿ ಬಣ್ಣದ ಸ್ಪ್ರಿಂಗ್ ಕುಣಿಸಿ, ನಕ್ಷೆ ಸರಿಯಿದೆ, ತಪಾಸಣೆಯೇ ತಪ್ಪು ಎಂದ. ಮಾಲೀಕ ಶೇಠ್‌ಜಿ ನನ್ನತ್ತ ತಿರುಗಿದರು: "ಬಾಯಿ, ಕಲ್ ಸೆ ಮತ್ ಆನಾ." ನಾಳೆಯಿಂದ ಬರಬೇಡ. ನಿಮ್ಮ ಅಪ್ಪನ ಕಾಲೇಜು ನನ್ನ ಕಣ್ಣ ಮುಂದೆಯೇ ಮುಗಿದುಹೋಯಿತು.

ನಿಜ ಹೇಳಬೇಕೆಂದರೆ, ವಾರದ ಹಿಂದೆಯೇ ನನಗೆ ಅನುಮಾನ ಬಂದಿತ್ತು. ಸಳಿಗೆ ಹಾಕಿ ಒತ್ತಿದ್ದ ಸ್ಪ್ರಿಂಗನ್ನು ತೆಗೆಯಲು ತಿರುವಿದಾಗ ಅದು ಕಚ್ಚಿಕೊಂಡಿತ್ತು. ಹೇಳಲು ನಾಚಿಕೆಯಾಗಿ ಅದನ್ನು ಕಡ್ಡಿಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದೆ.

"ಅಕ್ಕಾರ, ಆ ಕಡ್ಡಿಪೆಟ್ಟಿಗ್ಯಾಗ ಏನ ಮುಚ್ಚಿ ಇಟ್ಟೀರಿ, ತಗೀರಿ" ಎಂದರು ಮಲ್ಲಪ್ಪಣ್ಣ.

"ನೀವ ಹೇಳ್ರೀ ಅಣ್ಣಾ."

"ನಾ ಹೇಳಂಗಿಲ್ಲ. ಕಂಡಾವ್ರು ನೀವು."

ಪೆಟ್ಟಿಗೆ ತೆಗೆದು ಸ್ಪ್ರಿಂಗನ್ನು ಸಳಿಗೆ ಹಾಕಿ ಒತ್ತಿದೆ. ನೆಟ್ಟಗೆ ನಿಂತಿತು. ಒತ್ತಿಕೊಂಡೇ, ಮುಚ್ಚಳ ತಿರುಗುವಂತೆ, ಅರ್ಧ ಸುತ್ತು ತಿರುವಿದೆ. ನಡು ಡೊಂಕಾಯಿತು, ಸುತ್ತುಗಳು ಬಿಗಿದು ಸಳಿಯನ್ನು ಕಚ್ಚಿದವು. ಶೇಠ್‌ಜಿ ಎಳೆದರು, ಬರಲಿಲ್ಲ.

"ನಕ್ಷ್ಯಾಗ ಒತ್ತಿ ನೋಡು ಅಂತ ಬರದೈತ್ರಿ. ತಿರುವು ಅಂತ ಎಲ್ಲೂ ಬರದಿಲ್ರಿ" ಎಂದೆ. ಮಲ್ಲಪ್ಪಣ್ಣ ನನ್ನ ಮಾತನ್ನು ಹಿಂದಿ ಭಾಷೆಗೆ ತಿರುಗಿಸಿದರು, ಒಂದಿಷ್ಟು ಖಾರ ಸೇರಿಸಿ.

ಎಂಜಿನಿಯರ್ ಮತ್ತೆ ಲ್ಯಾಪ್‌ಟಾಪ್ ತೆರೆದು ನೋಡಿದ. ಅವನ ಬಣ್ಣದ ಚಿತ್ರದಲ್ಲಿ ಸಳಿಯೇ ಇರಲಿಲ್ಲ.

ಮಲ್ಲಪ್ಪಣ್ಣ ಒಂದು ಕೂದಲೆಳೆಯಷ್ಟು ಹೆಚ್ಚು ದಪ್ಪದ ಸಳಿಯ ಮೇಲೆ ತಂತಿ ಸುತ್ತಿ ಸ್ಪ್ರಿಂಗನ್ನು ತುಸು ಸಡಿಲ ಮಾಡಿದರು; ತೊಂದರೆ ತೀರಿತು. ಗೋಡೆಗೆ "ಒತ್ತಿ ತಿರುವುವ ವೈಜ್ಞಾನಿಕ ಪರೀಕ್ಷೆ" ಎಂಬ ಹಲಗೆ ಬಂತು, ಕೆಳಗೆ ಎಂಜಿನಿಯರನ ಹೆಸರು. ಅವನಿಗೆ ಹೂಗುಚ್ಛ, ನಮಗೆ ತಲಾ ಒಂದು ಸಮೋಸ. ನನ್ನ ಕೆಲಸ ಉಳಿಯಿತು.

ತಂತಿ ಸುತ್ತುವ ಯಂತ್ರ ಬಂದ ವರ್ಷ ಮಲ್ಲಪ್ಪಣ್ಣನವರನ್ನು ಬೀಳ್ಕೊಟ್ಟರು. ಶೇಠ್‌ಜಿ ಮತ್ತೆ ಎಂಜಿನಿಯರನ ಪರೀಕ್ಷೆಯನ್ನೇ ಹೊಗಳತೊಡಗಿದಾಗ ನಾನು ಎದ್ದು ನಿಂತೆ. "ಅದು ಮಲ್ಲಪ್ಪಣ್ಣಾರ ಪರೀಕ್ಷಾರಿ." ಈ ಸಲ ಯಾರೂ ಹಿಂದಿಗೆ ತಿರುಗಿಸಲಿಲ್ಲ, ಬೇಕಾಗಲೂ ಇಲ್ಲ.

ಶೇಠ್‌ಜಿ ಗಡಿಬಿಡಿಯಲ್ಲಿ ಉಡುಗೊರೆಯ ಪೆನ್ನು ಕೈಗಿತ್ತರು. ಮಲ್ಲಪ್ಪಣ್ಣ ಅಭ್ಯಾಸದಂತೆ ಬಿಚ್ಚಿದರು. ಸ್ಪ್ರಿಂಗ್ ಹಾರಿ ಶೇಠ್‌ಜಿಯ ಮೇಜಿನಡಿ ಹೋಯಿತು. ಮಲ್ಲಪ್ಪಣ್ಣ ಹುಡುಕಲಿಲ್ಲ, ಖಾಲಿ ಪೆನ್ನು ಜೇಬಿಗಿಟ್ಟು, ನನಗೊಂದು ನಮಸ್ಕಾರ ಮಾಡಿ, ಸ್ಟೇಷನ್ ಕಡೆ ನಡೆದರು. ಮತ್ತೆ ಕಾಣಲಿಲ್ಲ.

ಮರುದಿನ ಆ ಸ್ಪ್ರಿಂಗ್ ನನಗೆ ಸಿಕ್ಕಿತು. ಅದೇ ಕಡ್ಡಿಪೆಟ್ಟಿಗೆಯಲ್ಲಿದೆ. ಒತ್ತಿ ತಿರುವಿ ನೋಡಿದ್ದೇನೆ. ತಗಡು.