ಹಿಸ್ಟರಿ ಮೇಡಂ ಹೇಳಿದ ಅರ್ಥ

ಹೋದ ವಾರ ನೆಗಡಿಯಾಗಿತ್ತು. ಮೊಮ್ಮಗಳು ಕರವಸ್ತ್ರಕ್ಕೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ಕೊಟ್ಟಳು. ಮೂಗಿನ ಹತ್ತಿರ ತಂದದ್ದೇ ತಡ, ಚಾಮರಾಜಪೇಟೆಯ ನಮ್ಮ ವಠಾರ, ಅದರ ಕೊನೆಯ ಮನೆ, ಅಲ್ಲಿಂದ ಛತ್ರಿ ಹಿಡಿದು ಹೊರಡುತ್ತಿದ್ದ ಹಿಸ್ಟರಿ ಮೇಡಂ, ಎಲ್ಲ ಒಟ್ಟಿಗೆ ನೆನಪಾಯಿತು. ದಿನವಿಡೀ ಪಾಠ ಮಾಡುವ ಗಂಟಲಿಗೆ ಅವರು ನಂಬಿದ್ದು ಆ ಎಣ್ಣೆಯೊಂದನ್ನೇ.

ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಚರಿತ್ರೆ ಹೇಳಿಕೊಡುತ್ತಿದ್ದರು. ಮದುವೆಯಾಗಿರಲಿಲ್ಲ. ಅದರ ಬಗ್ಗೆ ವಠಾರದಲ್ಲಿ ಯಾರು ಏನಂದರೂ ತಲೆ ಕೆಡಿಸಿಕೊಂಡವರಲ್ಲ.

ನನಗೆ ಹದಿನಾಲ್ಕು ತುಂಬಿದ ವರ್ಷ, ಐವತ್ತರ ದಶಕದ ನಡುವೆ, ಉಪ್ಪಾರಪೇಟೆ ಕಡೆಯ ಟಾಕೀಸೊಂದಕ್ಕೆ ಮಂಗೋಲ್ ದೊರೆಯ ದಂಡಯಾತ್ರೆಯ ಇಂಗ್ಲಿಷ್ ಚಿತ್ರ ಬಂತು. ಜಟಕಾದಲ್ಲಿ ತಮಟೆ ಬಡಿಯುತ್ತಾ ಹಂಚಿದ ಕರಪತ್ರದ ತುಂಬ ಕುದುರೆಗಳು, ಹಿಂದೆ ಉರಿಯುವ ಪಟ್ಟಣ. ಅಮ್ಮನಿಗೆ ನೋಡುವ ಆಸೆ, ಆದರೆ ಇಂಗ್ಲಿಷ್ ಬಾರದು.

"ಬನ್ನಿ ಅಕ್ಕ, ಭಾನುವಾರ ಮ್ಯಾಟಿನಿಗೆ ಹೋಗೋಣ. ಅರ್ಥ ನಾನು ಹೇಳ್ತೀನಿ," ಎಂದರು ಮೇಡಂ.

ನಾನೂ ಜೊತೆಗೆ ಹೋದೆ. ಆಗ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಬೆಂಚುಗಳಿದ್ದವು. ಗಂಡಸರ ಕಡೆಗೆ ಅಡ್ಡವಾಗಿ ಒಂದು ಪರದೆ. ದೀಪ ಆರಿದ ಮೇಲೆ ಅದನ್ನು ಸರಿಸುತ್ತಿದ್ದರು. ಮೇಡಂ ಅಮ್ಮನ ಕಿವಿಯಲ್ಲಿ ಪಿಸುಗುಟ್ಟುತ್ತಾ ಅರ್ಥ ಹೇಳತೊಡಗಿದರು. ಹಿಂದಿನ ಬೆಂಚಿನಿಂದ ಒಬ್ಬಾಕೆ, "ಸ್ವಲ್ಪ ಜೋರಾಗಿ ಹೇಳಿ ತಾಯಿ, ನಮಗೂ ಕೇಳ್ಲಿ," ಎಂದಳು. ದನಿ ಏರಿತು. ಗಂಡಸರ ಕಡೆಯಿಂದ "ಶ್... ಯಾರದು" ಎಂದು ಗದರಿದವರೇ ಅರ್ಧ ಗಂಟೆಯಲ್ಲಿ "ಅಮ್ಮಾ, ಈಗ ಏನಂದ ಅವ್ನು?" ಎಂದು ಕೇಳತೊಡಗಿದರು. ಕ್ಲಾಸಿನಲ್ಲಿ ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ದನಿ ಅದು. ಟಾಕೀಸು ಅದಕ್ಕೇನೂ ದೊಡ್ಡದಾಗಿರಲಿಲ್ಲ.

ಇಂಟರ್ವಲ್ ಮುಗಿದ ಮೇಲೆ ಕೋಟೆ ಬಾಗಿಲು ಮುರಿಯಿತು. ಕುದುರೆಗಳು ನುಗ್ಗುತ್ತಿದ್ದಂತೆ ಶಿಳ್ಳೆಯ ಮೇಲೆ ಶಿಳ್ಳೆ. ಬೆಂಚು ಹತ್ತಿ ಕುಣಿದವರೂ ಇದ್ದರು. ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳೇಕೆ ಹೇಳಲಿ. ಊರು ಹೊತ್ತಿ ಉರಿಯುತ್ತಿರುವಾಗ ದೊರೆ ಕತ್ತಿಯೆತ್ತಿ ದೊಡ್ಡ ಭಾಷಣ ಮಾಡಿದ. ಎಲ್ಲರೂ ಮೇಡಂ ದನಿಗೆ ಕಾದರು.

"ಏನಂತಾನೆ ಅಮ್ಮಾ?" ಎಂದಿತು ಕತ್ತಲಿನೊಳಗಿಂದ ಒಂದು ದನಿ.

"ಅವನು ಹೇಳೋದು ಇರ್ಲಿ," ಎಂದರು ಮೇಡಂ. "ಆ ಬಾವಿಕಟ್ಟೆ ಹತ್ರ ಒಬ್ಬಳು ಕೂತಿದಾಳೆ, ನೋಡಿದ್ರಾ? ಪಿಕ್ಚರ್‌ನೋರು ಅವಳಿಗೆ ಒಂದು ಮಾತೂ ಕೊಟ್ಟಿಲ್ಲ. ನಮ್ಮ ಚಿಕ್ಕಪೇಟೆ ಥರದ್ದೇ ಊರು ಅದು. ರೇಷ್ಮೆ ಅಂಗಡಿ, ಮೂಟೆ ಹೊರೋರು, ಬೆಳಿಗ್ಗೆ ಒಲೆ ಹಚ್ಚಿದ ಹೆಂಗಸರು. ಸಾಯಂಕಾಲದ ಹೊತ್ತಿಗೆ ಯಾರೂ ಇರ್ಲಿಲ್ಲ. ಇದು ಕಥೆಯಲ್ಲ, ನಡೆದದ್ದು."

"ನಾವು ಪಿಕ್ಚರ್ ನೋಡೋಕೆ ಬಂದ್ವಾ, ಪಾಠ ಕೇಳೋಕಾ?" ಎಂದ ಯಾರೋ. ಒಂದಿಬ್ಬರು ನಕ್ಕರು. ಆದರೆ ಶಿಳ್ಳೆ ಮತ್ತೆ ಏಳಲಿಲ್ಲ. ಕೊನೆಯಲ್ಲಿ ದೊರೆಗೆ ಪಟ್ಟ ಕಟ್ಟಿದಾಗ ಅಲ್ಲೊಂದು ಇಲ್ಲೊಂದು ಚಪ್ಪಾಳೆ, ಅಷ್ಟೇ.

ಹೊರಗೆ ಜರಿಪೇಟದ ಹಿರಿಯರೊಬ್ಬರು, ಹಣೆಯಲ್ಲಿ ವಿಭೂತಿ, ಮೇಡಂಗೆ ಕೈ ಮುಗಿದರು. "ನಂದೂ ಪೇಟೆಯಲ್ಲಿ ಬಟ್ಟೆ ಅಂಗಡಿ ತಾಯಿ. ಬೆಂಕಿ ಬಿದ್ದಾಗ ನಾನೂ ಶಿಳ್ಳೆ ಹೊಡೆದೆ," ಎಂದರು. ಪೇಟ ಸರಿಮಾಡಿಕೊಂಡು ಜನರೊಳಗೆ ನಡೆದುಹೋದರು.

ನೋಡಿದವರಲ್ಲಿ ಯಾರೋ ಸ್ಕೂಲಿಗೆ ದೂರು ಕೊಟ್ಟರು. ನಾನು ಹೋಂವರ್ಕ್ ಪುಸ್ತಕಗಳನ್ನು ಇಡಲು ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋದಾಗ ಮೇಡಂ ಅಲ್ಲಿ ನಿಂತಿದ್ದರು. "ಟೀಚರಾದವರು ಗಂಡಸರ ಮಧ್ಯೆ ಭಾಷಣ ಮಾಡೋದಾ? ತಪ್ಪಾಯ್ತು ಅಂತ ಬರೆದುಕೊಡಿ," ಎಂದರು ಹೆಡ್‌ಮಿಸ್ಟ್ರೆಸ್.

"ಅರ್ಥ ತಪ್ಪು ಹೇಳಿದ್ರೆ ಖಂಡಿತ ಬರ್ಕೊಡ್ತೀನಿ," ಎಂದರು ಮೇಡಂ. "ಹೇಳಿದ್ದು ಸರಿ ಇತ್ತಲ್ಲ."

ಆ ವಾರವೇ ಅವರಿಂದ ಚರಿತ್ರೆ ಕಿತ್ತುಕೊಂಡು ಹೊಲಿಗೆ ಕ್ಲಾಸು ಕೊಟ್ಟರು. ನಾನು ಅತ್ತುಬಿಟ್ಟೆ. ಅವರು ಸೂಜಿ, ನೂಲಿನ ಡಬ್ಬಿ ಹಿಡಿದು ಕ್ಲಾಸಿಗೆ ಬಂದರು. ಕಾಜಾ ಹೊಲಿಯುವುದನ್ನು ತೋರಿಸುತ್ತಲೇ ಕೇಳಿದರು, "ಈ ರೇಷ್ಮೆ ನೂಲು ಮೊದ್ಲು ಯಾವ ದೇಶದಲ್ಲಿತ್ತು, ಯಾವ ದಾರೀಲಿ ಬಂತು, ಗೊತ್ತೇನ್ರೇ?" ಮರಳುಗಾಡು, ಒಂಟೆ, ಸುಟ್ಟುಹೋದ ಪಟ್ಟಣಗಳು, ಮತ್ತೆ ಕಟ್ಟಿದ ಪಟ್ಟಣಗಳು, ಎಲ್ಲ ಆ ಕ್ಲಾಸಿನಲ್ಲೇ ಬಂದವು. ನನ್ನ ಕಾಜಾಗಳು ಇಂದಿಗೂ ಸೊಟ್ಟ. ಚರಿತ್ರೆ ಮಾತ್ರ ನೆಟ್ಟಗಿದೆ.

ಚರಿತ್ರೆಗೆ ಬಂದ ಬೇರೆ ಟೀಚರ ಕೈಯಲ್ಲಿ ಎರಡು ವರ್ಷ ಹುಡುಗಿಯರು ಸಾಲಾಗಿ ಫೇಲಾದ ಮೇಲೆ ಹೆಡ್‌ಮಿಸ್ಟ್ರೆಸ್ಸೇ ಕರೆದು ಪಾಠ ಹಿಂದಕ್ಕೆ ಕೊಟ್ಟರು. ಮೇಡಂ "ಆಗಲಿ" ಎಂದರಂತೆ.

ಮದುವೆಯಾಗಿ ನಾನು ಬೇರೆ ಊರಿಗೆ ಹೋದೆ. ಅವರು ತೀರಿಕೊಂಡ ಸುದ್ದಿ ಅಮ್ಮನ ಕಾಗದದಲ್ಲಿ ತಿಳಿಯುವ ಹೊತ್ತಿಗೆ ಹದಿಮೂರನೇ ದಿನವೂ ಕಳೆದಿತ್ತು. ನಾನೂ ಚರಿತ್ರೆ ಓದಿದೆ, ಮೂವತ್ತು ವರ್ಷ ಪಾಠ ಮಾಡಿದೆ, ತಪ್ಪಾಯ್ತೆಂದು ಬರೆದುಕೊಡಿ ಎಂದವರಿಗೆ ಎರಡು ಸಲ ಬರೆದುಕೊಡದೆ ಉಳಿದೆ. ಇದನ್ನು ಅವರಿಗೆ ಹೇಳಬೇಕಿತ್ತು... ಹೇಳುವಷ್ಟರಲ್ಲಿ ಅವರಿರಲಿಲ್ಲ.

ನನಗೀಗ ಎಂಬತ್ತು ದಾಟಿದೆ. ಅವರು ಅರವತ್ತು ತುಂಬುವ ಮೊದಲೇ ಹೋದವರು. ಲೆಕ್ಕಕ್ಕೆ ನಾನೇ ಹಿರಿಯಳು. ಆದರೂ ಅವರ ನೆನಪು ಬಂದಾಗ, ಕೂತಿದ್ದರೆ, ನನಗೆ ಎದ್ದು ನಿಲ್ಲಬೇಕೆನ್ನಿಸುತ್ತದೆ.